ಉಸಿರು ಹಿಡೀಬೇಡಿ ಮಾರಾಯ್ರೆ

ಮುರುಡೇಶ್ವರಕ್ಕೆ ಹೋಗಿ ಬಂದವರ ಸ್ಟೇಟಸ್‌ನಲ್ಲಿ ಒಂದೇ ಥರದ ಫೋಟೊ. ನೀಲಿ ನೀರು, ಮುಖಕ್ಕೆ ಮಾಸ್ಕು, ಬಾಯಲ್ಲಿ ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರ್, ಕ್ಯಾಮೆರಾ ಕಡೆ ಚಾಚಿದ ಎರಡು ಬೆರಳು. ಕೆಳಗೆ ‘ಸ್ಕೂಬಾ ಡೈವಿಂಗ್ ಕಲಿತೆವು’ ಎಂಬ ಒಕ್ಕಣೆ. ಕಲಿತಿರುವುದಿಲ್ಲ. ಯಾರೋ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದಿರುತ್ತಾರೆ, ಅಷ್ಟೆ. ನಾನೂ ಮೊದಲು ಹಾಗೆ ಹೋಗಿ ಬಂದವಳೇ, ಆದ್ದರಿಂದ ಯಾರೂ ಬೇಸರ ಮಾಡಿಕೊಳ್ಳಬೇಡಿ.

ಈ ಡೈವ್ ಮಾಡಿಸುವ ನೇತ್ರಾಣಿ ದ್ವೀಪ ಇರುವುದು ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿ. ಬೋಟಿನಲ್ಲಿ ಒಂದೂವರೆ ಗಂಟೆ ಹಿಡಿಯುತ್ತದೆ. ಹೊರಡುವ ಮುಂಚೆ ವಾಂತಿ ತಡೆಯುವ ಅವೋಮಿನ್ ಮಾತ್ರೆ ನುಂಗದವರು ದಾರಿಯುದ್ದಕ್ಕೂ ಬೋಟಿನ ಅಂಚಿಗೆ ಆತುಕೊಂಡೇ ಇರುತ್ತಾರೆ. ದ್ವೀಪದ ಮೇಲೆ ಕಾಲಿಡುವ ಹಾಗಿಲ್ಲ. ನೌಕಾಪಡೆಯವರು ಅದನ್ನು ಗುರಿ ಅಭ್ಯಾಸಕ್ಕೆ ಬಳಸಿದ ಜಾಗ. ಪಕ್ಕದಲ್ಲೇ ಲಂಗರು ಹಾಕಿ, ಸರದಿ ಪ್ರಕಾರ ಒಬ್ಬೊಬ್ಬರನ್ನೇ ಇಳಿಸುತ್ತಾರೆ. ನಿಮ್ಮ ಹಿಂದೆ ಒಬ್ಬ ಇನ್‌ಸ್ಟ್ರಕ್ಟರ್ ಇರುತ್ತಾನೆ. ಬೆಕ್ಕು ಮರಿಯ ಕುತ್ತಿಗೆ ಕಚ್ಚಿ ಒಯ್ಯುವ ಹಾಗೆ ನಿಮ್ಮ ಬೆನ್ನ ಮೇಲಿನ ಸಿಲಿಂಡರಿನ ಕತ್ತು ಹಿಡಿದು ಒಯ್ಯುತ್ತಾನೆ. ತೇಲಿಸುವ ಜಾಕೆಟ್ಟಿಗೆ ಗಾಳಿ ತುಂಬುವವನು ಅವನು, ಬಿಡುವವನು ಅವನು, ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಎಂದು ಗೇಜ್ ನೋಡುವವನೂ ಅವನೇ. ನೀವು ಉಸಿರಾಡಬೇಕು, ಆಗಾಗ ಮೂಗು ಹಿಡಿದು ಕಿವಿ ಬಿಡಿಸಿಕೊಳ್ಳಬೇಕು, ಮೀನು ಕಂಡರೆ ಸಂತೋಷ ಪಡಬೇಕು. ಈಜು ಬರದಿದ್ದರೂ ನಡೆಯುತ್ತದೆ. ಇಂಥ ಡೈವ್‌ಗೆ 12 ಮೀಟರಿನ ಮಿತಿ ಇದೆ, ಬಹಳ ಸಲ ಅಷ್ಟು ಆಳಕ್ಕೂ ಹೋಗುವುದಿಲ್ಲ.

ನನಗೆ ಮೀನುಗಳೇನೋ ಕಂಡವು. ಗಿಳಿಮೀನುಗಳು ಬಂಡೆ ಕೆರೆಯುವ ಶಬ್ದವೂ ಕೇಳಿತು. ಆದರೆ ಪಕ್ಕದಲ್ಲಿ ತೂಗಾಡುತ್ತಿದ್ದ ಗೇಜಿನ ಮುಳ್ಳು ಏನು ಹೇಳುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ ನೋಡಿ, ಅದು ಕೊರೆಯುತ್ತಾ ಉಳಿಯಿತು. ಶಿವಮೊಗ್ಗದಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುವವಳು ನಾನು. ಒತ್ತಡ, ಗಾತ್ರ, ಅನಿಲ ಎಂದು ಬೋರ್ಡಿನ ತುಂಬ ಬರೆದವಳಿಗೆ ತನ್ನ ಬೆನ್ನ ಮೇಲಿನ ಅನಿಲದ ಲೆಕ್ಕ ಇನ್ನೊಬ್ಬರ ಕೈಯಲ್ಲಿ ಇರುವುದು ಸರಿ ಕಾಣಲಿಲ್ಲ.

ಸರಿಯಾಗಿ ಕೋರ್ಸು ಮಾಡಿಯೇ ಕಲಿಯಲು ಹೊರಟೆ. ಅದಕ್ಕೂ ಮೊದಲು ಸ್ನಾರ್ಕೆಲ್, ಅಂದರೆ ಮುಖ ಕೆಳಗೆ ಮಾಡಿ ತೇಲುತ್ತಾ ಉಸಿರಾಡುವ ಕೊಳವೆ, ಅದರ ಬಗ್ಗೆ ಹೇಳಿಬಿಡುತ್ತೇನೆ. ಬೋಟಿನಲ್ಲಿ ಅದನ್ನು ಸರದಿ ಬರುವ ತನಕದ ಟೈಂಪಾಸ್ ಎಂಬಂತೆ ನೋಡುತ್ತಾರೆ. ಲೈಫ್ ಜಾಕೆಟ್ ತೊಡಿಸಿ, ಹಗ್ಗ ಹಿಡಿಸಿ, ‘ಕೆಳಗೆ ನೋಡಿ ಮೇಡಂ’ ಅಂದರೆ ಮುಗಿಯಿತು. ನನ್ನ ಕೇಳಿದರೆ ಸಮುದ್ರದ ಅಆಇಈ ಕಲಿಯಬೇಕಾದದ್ದು ಇಲ್ಲೇ. ಮಾಸ್ಕು ಆರಿಸುವಾಗ ಪಟ್ಟಿ ಹಾಕಿಕೊಳ್ಳದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದುಕೊಳ್ಳಿ. ತಾನಾಗಿ ಕಚ್ಚಿಕೊಂಡರೆ ಅದು ನಿಮ್ಮ ಮಾಸ್ಕು. ಕಿವಿ ಪಕ್ಕದ ಒಂದು ಎಳೆ ಕೂದಲು ರಬ್ಬರಿನ ಅಡಿ ಸಿಕ್ಕಿಕೊಂಡರೂ ನೀರು ಜಿನುಗುತ್ತದೆ. ನಮ್ಮಂಥ ಉದ್ದ ಕೂದಲಿನವರು ಇದಕ್ಕೇ ಐದು ನಿಮಿಷ ಇಟ್ಟುಕೊಳ್ಳಬೇಕು. ಗಾಜಿಗೆ ಮಂಜು ಕಟ್ಟದಿರಲು ಒಳಮೈಗೆ ಉಗುಳಿ, ಉಜ್ಜಿ, ಒಮ್ಮೆ ನೀರಲ್ಲಿ ಅದ್ದಬೇಕು. ಎಂಜಲು ಮುಸುರೆ ಎಂದು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಮನೆಯಿಂದ ಬಂದವಳು ನಾನು. ಉಗುಳಿದೆ. ಯಾರ್ಯಾರದೋ ಬಾಯಿಗೆ ಹೋಗಿ ಬಂದ, ಔಷಧದ ನೀರಲ್ಲಿ ಅದ್ದಿ ತೆಗೆದ ರೆಗ್ಯುಲೇಟರನ್ನೂ ಕಚ್ಚಿಕೊಂಡೆ. ನಮ್ಮತ್ತೆಗೆ ಈ ಭಾಗ ಹೇಳಿಲ್ಲ.

ಕೊಳವೆಗೆ ನೀರು ನುಗ್ಗಿದರೆ ಗಾಬರಿಯಾಗದೆ ‘ಫೂ’ ಎಂದು ಒಂದೇ ಸಲ ಜೋರಾಗಿ ಊದಿದರೆ ಖಾಲಿ. ಕಾಲಿಗೆ ಹಾಕುವ ರೆಕ್ಕೆಯಂಥ ಫಿನ್ನು ಬಡಿಯುವುದು ಸೊಂಟದಿಂದ. ಮಂಡಿ ಮಡಚಿ ತುಳಿದರೆ ನೀರು ಹಾರುತ್ತದೆ, ನೀವು ಅಲ್ಲೇ ಇರುತ್ತೀರಿ. ಕ್ಲಾಸಿನಲ್ಲಿ ಒಬ್ಬ ಹುಡುಗ ಕೇಳಿದ್ದ, ಇನ್ನೂ ಉದ್ದದ ಪೈಪು ಹಾಕಿಕೊಂಡು ಆಳಕ್ಕೆ ಹೋಗಬಹುದಲ್ಲ ಮಿಸ್, ಸಿಲಿಂಡರ್ ಯಾಕೆ ಅಂತ. ಒಳ್ಳೆಯ ಪ್ರಶ್ನೆ. ಒಂದು ಮೀಟರ್ ಕೆಳಗಿಳಿದರೆ ಸಾಕು, ನೀರು ಎದೆಯನ್ನು ಒತ್ತುತ್ತದೆ, ಪೈಪಿನಲ್ಲಿ ಬರುವುದು ಮಾತ್ರ ಮೇಲಿನ ಸಾದಾ ಒತ್ತಡದ ಗಾಳಿ. ಪಕ್ಕೆಯ ಸ್ನಾಯುಗಳಿಗೆ ಅದನ್ನು ಒಳಗೆಳೆಯುವ ಶಕ್ತಿ ಇಲ್ಲ. ಸುತ್ತಲಿನ ನೀರು ಎಷ್ಟು ಒತ್ತುತ್ತದೋ ಅಷ್ಟೇ ಒತ್ತಡದಲ್ಲಿ, ಕೇಳಿದಾಗ ಮಾತ್ರ ಗಾಳಿ ಕೊಡುವ ಸಲಕರಣೆ ಬೇಕು. 1943ರಲ್ಲಿ ಫ್ರಾನ್ಸಿನಲ್ಲಿ ಕೂಸ್ಟೊ ಮತ್ತು ಗಾನ್ಯಾನ್ ಎಂಬಿಬ್ಬರು ಅದನ್ನು ರೂಪಿಸಿದ ಮೇಲೆಯೇ ನಮ್ಮಂಥವರಿಗೆ ಈ ದಾರಿ ತೆರೆದದ್ದು.

ಕೋರ್ಸಿಗೆ ನಾನು ಆರಿಸಿಕೊಂಡದ್ದು ಅಂಡಮಾನಿನ ಹ್ಯಾವ್‌ಲಾಕ್. ಈಗ ಸರಕಾರಿ ಹೆಸರು ಸ್ವರಾಜ್ ದ್ವೀಪ. ಪಾಡಿ, ಎಸ್‌ಎಸ್‌ಐ ಅಂತ ಡೈವಿಂಗ್ ಕಲಿಸುವ ಬೇರೆ ಬೇರೆ ಸಂಸ್ಥೆಗಳ ಕಾರ್ಡು ಇರುತ್ತದೆ, ಮೊದಲ ಹಂತದ ಪಾಠ ಹೆಚ್ಚುಕಮ್ಮಿ ಒಂದೇ. ಪಾಸಾದರೆ ಜೊತೆಗಾರರೊಬ್ಬರ ಸಂಗಡ 18 ಮೀಟರ್ ತನಕ ಇಳಿಯಬಹುದು. ಇದಕ್ಕೆ ಈಜು ಬರಲೇಬೇಕು: ನಿಲ್ಲದೆ 200 ಮೀಟರ್, ಆಮೇಲೆ ಹತ್ತು ನಿಮಿಷ ಏನೂ ಹಿಡಿಯದೆ ತೇಲುವುದು. ಹೊತ್ತಿನ ಮಿತಿ ಇಲ್ಲ, ಇಂಥದೇ ಶೈಲಿ ಎಂದೂ ಇಲ್ಲ. ಹೆಂಗಸರ ಬ್ಯಾಚಿನಲ್ಲಿ ನಡುವಯಸ್ಸಿಗೆ ಈಜು ಕಲಿತ ನಾನು ಆರಾಮಾಗಿ, ಪಕ್ಕದವರಿಗೆ ಬೇಜಾರಾಗುವಷ್ಟು ನಿಧಾನಕ್ಕೆ ಮುಗಿಸಿದೆ. ಆರೋಗ್ಯದ ಫಾರಂ ಮಾತ್ರ ಸುಳ್ಳು ಹೇಳದೆ ತುಂಬಿ. ಆಸ್ತಮಾ, ಹೃದಯ, ಕಿವಿ, ಸೈನಸ್ ಎಂದು ಪಟ್ಟಿ ಇರುತ್ತದೆ. ಒಂದಕ್ಕೆ ಹೌದು ಎಂದರೂ ಡಾಕ್ಟರ ಸಹಿ ಬೇಕು. ಅಷ್ಟು ದೂರ ಹೋಗಿ ಅಲ್ಲಿ ಡಾಕ್ಟರನ್ನು ಹುಡುಕುವ ಬದಲು ಊರಲ್ಲೇ ಮುಗಿಸಿಕೊಂಡು ಹೋಗಿ.

ನಮ್ಮ ಇನ್‌ಸ್ಟ್ರಕ್ಟರ್ ಮಂಗಳೂರಿನ ಹುಡುಗ. ಪಟ್ಟಿಯಲ್ಲಿ ನನ್ನ ಊರು ನೋಡಿದವನೇ ‘ಶಿವಮೊಗ್ಗದಿಂದಲಾ ಮೇಡಂ? ಹಾಗಾದ್ರೆ ನಿಮಗೆ ಕನ್ನಡದಲ್ಲೇ ಬೈಯ್ಬಹುದು’ ಎಂದ. ಮಾತಿಗೆ ತಪ್ಪಲಿಲ್ಲ. ಮೊದಲ ಬೈಗುಳ ದಡದಲ್ಲೇ, ಮೈಗೆ ಅಂಟುವ ರಬ್ಬರಿನ ವೆಟ್‌ಸೂಟ್ ಹಾಕುವಾಗ. ಸೊಂಟದ ಹತ್ತಿರ ಅದು ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ ಎಂದು ನಿಂತಿತ್ತು. ‘ಎಳಿಬೇಡಿ, ಹರೀತದೆ. ಕಾಲಿಗೆ ಪ್ಲಾಸ್ಟಿಕ್ ಕವರ್ ಹಾಕಿ, ಆಮೇಲೆ ತೂರಿಸಿ.’ ಸಲೀಸಾಗಿ ಹೋಯಿತು. ಬೆಂಗಳೂರಿನ ಬಟ್ಟೆ ಅಂಗಡಿಯೊಂದರ ಕವರು ಇಷ್ಟು ಉಪಕಾರಕ್ಕೆ ಬಂದದ್ದು ಅದೇ ಮೊದಲು.

ಅವನು ಹೇಳಿದ ಮೊದಲ ನಿಯಮ, ನೀರಿನೊಳಗೆ ಉಸಿರು ಬಿಗಿಹಿಡಿಯಬಾರದು. ಯಾವ ಕಾರಣಕ್ಕೂ. ಅದರ ಹಿಂದಿರುವುದು ಬಾಯ್ಲನ ನಿಯಮ: ಒತ್ತಡ ಅರ್ಧವಾದರೆ ಗಾಳಿಯ ಗಾತ್ರ ಎರಡು ಪಟ್ಟು. ಮೇಲೆ ಒಂದು ವಾತಾವರಣದ ಒತ್ತಡ, ಹತ್ತು ಮೀಟರಿಗೆ ಎರಡು, ಇಪ್ಪತ್ತಕ್ಕೆ ಮೂರು. ಹತ್ತು ಮೀಟರಿನಲ್ಲಿ ಎದೆ ತುಂಬ ಉಸಿರೆಳೆದುಕೊಂಡು ಬಾಯಿ ಮುಚ್ಚಿ ಮೇಲೆ ಬಂದರೆ, ಅದೇ ಗಾಳಿ ಎರಡು ಪಟ್ಟು ಜಾಗ ಕೇಳುತ್ತದೆ. ಶ್ವಾಸಕೋಶದಲ್ಲಿ ಆ ಜಾಗ ಎಲ್ಲಿದೆ? ಹರಿಯುತ್ತದೆ. ಗಮನಿಸಿ, ಇಪ್ಪತ್ತರಿಂದ ಹತ್ತಕ್ಕೆ ಬಂದರೆ ಗಾಳಿ ಒಂದೂವರೆ ಪಟ್ಟು ಹಿಗ್ಗುತ್ತದೆ, ಹತ್ತರಿಂದ ಮೇಲ್ಮೈಗೆ ಬಂದರೆ ಎರಡು ಪಟ್ಟು. ಅಪಾಯ ಹೆಚ್ಚಿರುವುದು ‘ಇನ್ನೇನು ಮೇಲೆ ಬಂದೆವು’ ಎನ್ನುವ ಜಾಗದಲ್ಲಿ. ಪಠ್ಯ ಹಗುರ ಮಾಡುವಾಗ ಎನ್‌ಸಿಇಆರ್‌ಟಿಯವರು ಬಾಯ್ಲನಿದ್ದ ಅಧ್ಯಾಯವನ್ನೇ ಹನ್ನೊಂದನೇ ತರಗತಿಯ ಕೆಮಿಸ್ಟ್ರಿಯಿಂದ ಕಿತ್ತು ಹಾಕಿದ್ದಾರೆ. ಆ ಸಿಟ್ಟು ನನಗೆ ಸಮುದ್ರದ ತಳದಲ್ಲೂ ಬಂತು.

ನಿಜವಾದ ಕೋರ್ಸು ಶುರುವಾಗುವುದು ಮಾಸ್ಕು ತೆಗೆಸುವಾಗ. ಎದೆಮಟ್ಟದ ನೀರು, ಮರಳಿನ ಮೇಲೆ ಮಂಡಿಯೂರಿ ಕೂತಿದ್ದೇವೆ. ಮೊದಲು ಅರ್ಧ ನೀರು ತುಂಬಿಸಿಕೊಂಡು ಖಾಲಿ ಮಾಡಬೇಕು, ಆಮೇಲೆ ಪೂರ್ತಿ, ಕೊನೆಗೆ ತೆಗೆದು ಕೈಯಲ್ಲಿ ಹಿಡಿದು ಮತ್ತೆ ಹಾಕಿಕೊಳ್ಳಬೇಕು. ಖಾಲಿ ಮಾಡುವ ವಿಧಾನ ಕೇಳಲು ಸುಲಭ: ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತು, ಗದ್ದ ಎತ್ತು, ಮೂಗಿನಿಂದ ಊದು, ಗಾಳಿ ಮೇಲೆ ತುಂಬಿಕೊಂಡು ನೀರನ್ನು ಕೆಳಗಿನಿಂದ ದೂಡುತ್ತದೆ. ಕಷ್ಟ ಇರುವುದು ಅದಕ್ಕೂ ಮುಂಚಿನ ಕ್ಷಣದಲ್ಲಿ. ಮೂಗಿನ ಹೊಳ್ಳೆಗೆ ಉಪ್ಪುನೀರು ತಾಕಿದ ಕೂಡಲೇ ಗಂಟಲು ತಾನೇ ಮುಚ್ಚಿಕೊಳ್ಳುತ್ತದೆ. ಬಾಯಲ್ಲಿ ಬೇಕಾದಷ್ಟು ಗಾಳಿ ಇದೆ, ಎಳೆದುಕೊಳ್ಳಲು ದೇಹ ಒಪ್ಪುವುದಿಲ್ಲ. ಕಣ್ಣು ಉರಿಯುತ್ತದೆ, ಎದುರಿಗೆ ಮಸುಕು ಹಸಿರು. ನಾನು ಎದ್ದು ನಿಂತೆ. ಇನ್ನೊಮ್ಮೆ ಕೂತೆ, ಇನ್ನೊಮ್ಮೆ ಎದ್ದೆ.

‘ಉಸಿರು ಹಿಡೀಬೇಡಿ ಮಾರಾಯ್ರೆ’ ಎಂದ ಹುಡುಗ. ‘ನೀವು ಮೂಗನ್ನ ಯೋಚನೆ ಮಾಡ್ತಿದ್ದೀರಿ. ಅದನ್ನು ಬಿಡಿ. ಮಾಸ್ಕು ಇಲ್ಲದೆ ಬರೇ ಬಾಯಲ್ಲಿ ಉಸಿರಾಡ್ತಾ ಸುಮ್ಮನೆ ಕೂತ್ಕೊಳ್ಳಿ. ಬೇರೆ ಎಂತ ಮಾಡ್ಬೇಡಿ.’

ಕೂತೆ. ಮೊದಲಿನ ನಾಲ್ಕೈದು ಉಸಿರು ತುಂಡುತುಂಡು. ಆಮೇಲೆ ಗುಳ್ಳೆಗಳು ಕೆನ್ನೆ ಸವರಿಕೊಂಡು ಮೇಲೆ ಹೋಗುವುದು ಗೊತ್ತಾಗತೊಡಗಿತು. ಬಿಡುವ ಉಸಿರನ್ನು ಉದ್ದ ಮಾಡಿದರೆ ಗಂಟಲು ಸಡಿಲವಾಗುತ್ತದೆ ಎಂದು ಅಲ್ಲಿ ಗೊತ್ತಾಯಿತು. ಪುಸ್ತಕದಲ್ಲಿ ಓದಿದ್ದೆ, ಓದಿದ್ದು ಗಂಟಲಿಗೆ ಇಳಿದಿರಲಿಲ್ಲ. ಅವನು ನನ್ನ ಕೈಗೆ ಮಾಸ್ಕು ಕೊಟ್ಟಾಗ ಅವಸರವಿಲ್ಲದೆ ಹಾಕಿಕೊಂಡು ಊದಿದೆ. ಈ ಒಂದು ಪಾಠಕ್ಕೆ ನಾನು ಪೂರ್ತಿ ಫೀಸು ಕೊಟ್ಟರೂ ನಷ್ಟವಿಲ್ಲ. ನೇತ್ರಾಣಿಯಲ್ಲಿ ಯಾರಾದರೂ ಫಿನ್ನು ತಾಗಿಸಿ ನನ್ನ ಮಾಸ್ಕು ಕಳಚಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಕೋರ್ಸು ಎಂದರೆ ಹೀಗೆ ಕೆಡಬಹುದಾದ ಒಂದೊಂದನ್ನೂ ಬೇಕೆಂದೇ ಕೆಡಿಸಿ, ಸರಿಪಡಿಸುವುದನ್ನು ಕಲಿಸುವುದು. ಬಾಯಿಂದ ರೆಗ್ಯುಲೇಟರ್ ಬಿದ್ದರೆ ಬಲಕ್ಕೆ ವಾಲಿ ತೋಳು ಬೀಸಿ ಹುಡುಕುವುದು, ಗಾಳಿ ಮುಗಿದರೆ ಜೊತೆಗಾರರ ಎರಡನೇ ರೆಗ್ಯುಲೇಟರ್ ತೆಗೆದುಕೊಳ್ಳುವುದು, ಅವರೂ ದೂರವಿದ್ದರೆ ‘ಆ…’ ಎನ್ನುತ್ತಾ ಉಸಿರು ಬಿಡುತ್ತಲೇ ಮೇಲೆ ಹೋಗುವುದು.

ಸನ್ನೆಗಳಲ್ಲಿ ಒಂದು ತಮಾಷೆ ಇದೆ. ಹೆಬ್ಬೆರಳು ಮೇಲೆತ್ತಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೆ ಹೋಗೋಣ’ ಎಂದು. ನಮ್ಮ ಗುಂಪಿನಲ್ಲಿದ್ದ ಪುಣೆಯ ಹುಡುಗನಿಗೆ ಆ ಅಭ್ಯಾಸ ಬಿಡಲಿಲ್ಲ. ಆಮೆ ಕಂಡ ಖುಷಿಗೆ ಹೆಬ್ಬೆರಳು ಎತ್ತಿದ. ಇನ್‌ಸ್ಟ್ರಕ್ಟರ್ ಮರುಮಾತಿಲ್ಲದೆ ನಮ್ಮೆಲ್ಲರನ್ನೂ ಮೇಲೆ ಕರೆದುಕೊಂಡು ಬಂದ. ಆಮೆ ಕೆಳಗೇ ಉಳಿಯಿತು.

ತೇಲದೆ ಮುಳುಗದೆ ನಡುನೀರಲ್ಲಿ ನಿಲ್ಲುವುದು ಬರುವ ತನಕ ಹವಳದ ಹತ್ತಿರ ಬಿಡುವುದಿಲ್ಲ, ಬಿಡಲೂಬಾರದು. ಜಾಕೆಟ್ಟಿಗೆ ಗಾಳಿ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋದರೆ ಒಂದು ಹಂತದಲ್ಲಿ ಭಾರ ಕಾಣೆಯಾಗುತ್ತದೆ. ಅಲ್ಲಿಂದ ಮುಂದೆ ಲಿಫ್ಟಿನ ಗುಂಡಿ ನಿಮ್ಮ ಶ್ವಾಸಕೋಶ: ಉಸಿರೆಳೆದರೆ ಏರುತ್ತೀರಿ, ಬಿಟ್ಟರೆ ಇಳಿಯುತ್ತೀರಿ. ಎಳೆದ ತಕ್ಷಣ ಏರುವುದಿಲ್ಲ, ಒಂದೆರಡು ಸೆಕೆಂಡು ತಡವಾಗಿ ಏರುತ್ತೀರಿ. ಈ ತಡ ಅರ್ಥವಾಗದವರು ಗಾಬರಿಯಾಗಿ ಜಾಕೆಟ್ಟಿಗೆ ಗಾಳಿ ತುಂಬುವ ಗುಂಡಿ ಒತ್ತುತ್ತಾರೆ, ಮೇಲೇರುತ್ತಾರೆ, ಏರಿದಂತೆ ಜಾಕೆಟ್ಟಿನ ಗಾಳಿ ಹಿಗ್ಗಿ ಇನ್ನೂ ವೇಗವಾಗಿ ಏರುತ್ತಾರೆ. ಮತ್ತೆ ಬಾಯ್ಲ.

ಇನ್ನು ಸಿಲಿಂಡರ್. ಮನೆಗೆ ಬಂದವರೆಲ್ಲ ‘ಆಕ್ಸಿಜನ್ ಸಿಲಿಂಡರ್ ತುಂಬಾ ಭಾರ ಇತ್ತಾ’ ಎಂದು ಕೇಳುತ್ತಾರೆ. ಅದರಲ್ಲಿರುವುದು ನಾವು ಈಗ ಉಸಿರಾಡುತ್ತಿರುವ ಗಾಳಿಯೇ, ಶೋಧಿಸಿ 200 ಬಾರ್ ಒತ್ತಡಕ್ಕೆ ತುರುಕಿದ್ದು. ಶುದ್ಧ ಆಕ್ಸಿಜನ್ ಕೊಟ್ಟು 18 ಮೀಟರಿಗೆ ಇಳಿಸಿದರೆ ಸೆಳವು ಬಂದು ಸಾಯಬಹುದು. ಗಾಳಿಯ ನೂರರಲ್ಲಿ ಸುಮಾರು 78 ಭಾಗ ಇರುವ ನೈಟ್ರೋಜನ್ನೇ ಇಲ್ಲಿ ತಕರಾರಿನ ಗಿರಾಕಿ. ಒತ್ತಡ ಹೆಚ್ಚಿದಷ್ಟೂ ಅದು ರಕ್ತದಲ್ಲಿ ಹೆಚ್ಚು ಕರಗುತ್ತದೆ. ಹೆನ್ರಿ ನಿಯಮ, ದ್ವಿತೀಯ ಪಿಯು, ದ್ರಾವಣಗಳು. ದಡಬಡ ಮೇಲೆ ಬಂದರೆ ಸೋಡಾ ಬಾಟಲಿ ತೆರೆದಾಗಿನ ಕಥೆ ಮೈಯೊಳಗೆ. ಅದಕ್ಕೇ ನಿಧಾನವಾಗಿ ಏರುವುದು, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದು. ಅದಕ್ಕೇ ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಅಂಡಮಾನಿಗೆ ಟಿಕೆಟ್ ಮಾಡಿಸುವಾಗಲೇ ಈ ಲೆಕ್ಕ ಹಾಕಿಕೊಳ್ಳಿ, ಕೊನೆಯ ದಿನ ಬರೀ ಎಳನೀರು ಕುಡಿಯಲು ಇಟ್ಟುಕೊಳ್ಳಿ.

ಹೆನ್ರಿ ಪಾಠದಲ್ಲಿ ನಾನು ಪ್ರತಿ ವರ್ಷ ಬರೆಸುವ ಒಂದು ವಾಕ್ಯವಿದೆ. ಸ್ಕೂಬಾ ಮಾಡುವವರ ಸಿಲಿಂಡರಿನಲ್ಲಿ ಹೀಲಿಯಂ 11.7, ನೈಟ್ರೋಜನ್ 56.2, ಆಕ್ಸಿಜನ್ 32.1 ಶೇಕಡ. ಪಠ್ಯದಲ್ಲಿ ಹಾಗೇ ಇದೆ, ಸಿಇಟಿ ಕೋಚಿಂಗಿನವರೂ ಉರು ಹೊಡೆಸುತ್ತಾರೆ. ಥಿಯರಿ ಪರೀಕ್ಷೆ ಮುಗಿದ ಸಂಜೆ ಹುಡುಗನನ್ನು ಕೇಳಿದೆ, ನಮಗೆ ಹೀಲಿಯಂ ಎಲ್ಲಪ್ಪ ಅಂತ.

‘ಹೀಲಿಯಮ್ಮಾ?’ ಅವನಿಗೆ ನಗು ತಡೆಯಲಾಗಲಿಲ್ಲ. ‘ಅದಕ್ಕೆ ಎಷ್ಟು ರೇಟು ಉಂಟು ಗೊತ್ತುಂಟಾ ಮೇಡಂ? ಅದು ತುಂಬಾ ಆಳಕ್ಕೆ ಹೋಗುವ ಟೆಕ್ನಿಕಲ್ ಡೈವರ್ಸಿಗೆ. ನಮ್ಮದು ಬರೀ ಗಾಳಿ. ಅಲ್ಲಿ ನೋಡಿ, ಶೆಡ್ಡಲ್ಲಿ ಕಂಪ್ರೆಸರ್ ಕೂಗ್ತಾ ಉಂಟು.’

ಈ ಸಲ ಆ ವಾಕ್ಯ ಬಂದಾಗ ಪುಸ್ತಕ ಮುಚ್ಚಿ ಕಂಪ್ರೆಸರಿನ ವಿಷಯ ಹೇಳಿದೆ. ಹೀಲಿಯಂ ಬೆರೆತ ಟ್ರೈಮಿಕ್ಸ್, ಆಕ್ಸಿಜನ್ ಹೆಚ್ಚಿರುವ ನೈಟ್ರಾಕ್ಸ್, ಸಾದಾ ಗಾಳಿ ಎಂದು ಮೂರನ್ನೂ ಬೋರ್ಡಿನ ಮೇಲೆ ಬಿಡಿಸಿ ಬರೆದೆ. ಮುಂದಿನ ಬೆಂಚಿನ ಹುಡುಗಿ ಪೆನ್ನು ಎತ್ತಿದಳು.

‘ಮಿಸ್, ಎಕ್ಸಾಮಲ್ಲಿ ಯಾವುದು ಬರೀಬೇಕು?’

‘ಹೀಲಿಯಂ ಅಂತಲೇ ಬರಿಯಮ್ಮ’ ಎಂದೆ.