ಅರಮನೆಯಿಂದ ಹಸೆಗೋಡೆಗೆ, ಹಸೆಗೋಡೆಯಿಂದ ಕಾವಿ ಕಲೆಗೆ: ಶಿವಮೊಗ್ಗ–ಸಾಗರ–ಶಿರಸಿ ಪ್ರವಾಸ

ಮಲೆನಾಡಿಗೆ ಬರುವವರ ಪಟ್ಟಿಯಲ್ಲಿ ಜೋಗ, ಆಗುಂಬೆ, ಕೊಡಚಾದ್ರಿ ಇದ್ದೇ ಇರುತ್ತವೆ. ಗೋಡೆಯ ಮೇಲಿನ ಚಿತ್ತಾರಗಳನ್ನು ನೋಡಲೆಂದೇ ಬರುವವರು ವಿರಳ. ಶಿವಮೊಗ್ಗದ ಹಳೆಯ ಅರಮನೆಯಿಂದ ಹೊರಟು, ಸಾಗರ ಸೀಮೆಯ ಹಸೆ ಚಿತ್ತಾರವನ್ನು ನೋಡಿಕೊಂಡು, ಶಿರಸಿಯಲ್ಲಿ ಕರಾವಳಿಯ ಕಾವಿ ಕಲೆಯನ್ನು ಕಾಣುವ ಈ ದಾರಿಯಲ್ಲಿ ನಾವು ಮನೆಮಂದಿ ಹೋಗಿಬಂದೆವು. ಇದೇ ಕ್ರಮದಲ್ಲಿ ಹೋಗಿರೆಂಬುದು ನನ್ನ ಸಲಹೆ. ಹಸೆ ಭತ್ತದ ಗದ್ದೆಯ ಕಲೆ, ಕಾವಿ ಕಡಲ ಚಿಪ್ಪಿನ ಸುಣ್ಣದ ಕಲೆ. ಮೊದಲನೆಯದನ್ನು ಸಾವಧಾನವಾಗಿ ನೋಡಿದ ಕಣ್ಣಿಗೆ ಎರಡನೆಯದರ ಸೊಗಸು ತಾನಾಗಿ ತಿಳಿಯುತ್ತದೆ.

ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ, ತುಂಗೆಯ ದಂಡೆಗೆ ಸಮೀಪದಲ್ಲಿರುವ ಶಿವಪ್ಪ ನಾಯಕ ಅರಮನೆ ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪ ನಾಯಕನ ಹೆಸರು ಇದಕ್ಕಿದ್ದರೂ, ಈಗ ಕಾಣುವ ಕಟ್ಟಡ 18ನೆಯ ಶತಮಾನದಲ್ಲಿ, ಹೈದರಾಲಿಯ ಕಾಲದಲ್ಲಿ ಆದದ್ದೆಂದು ವಾಸ್ತುಶಿಲ್ಪದ ವಿದ್ವಾಂಸರು ಹೇಳುತ್ತಾರೆ. ಒಳಗೆ ಕಾಲಿಟ್ಟೊಡನೆ ದರ್ಬಾರು ಸಭಾಂಗಣದ ಮರದ ದಪ್ಪ ಕಂಬಗಳೂ, ಅವುಗಳ ನಡುವಿನ ಕಮಾನುಗಳೂ ಗಮನ ಸೆಳೆಯುತ್ತವೆ. ಮೇಲಂತಸ್ತಿನ ಕೋಣೆಗಳ ಮೊಗಸಾಲೆಗಳು ಇದೇ ಸಭಾಂಗಣದತ್ತ ಮುಖ ಮಾಡಿವೆ. ಹೊರಗಿನ ತೋಟದಲ್ಲಿ ಸುತ್ತಮುತ್ತಲಿನ ಊರುಗಳಿಂದ ತಂದಿರಿಸಿದ ಶಿಲ್ಪಗಳು, ಶಾಸನಗಳು, ವೀರಗಲ್ಲುಗಳಿವೆ. ಹೆಚ್ಚಿನವರು ಇವುಗಳ ಮುಂದೆ ನಿಲ್ಲದೆ ಹೊರಟುಬಿಡುತ್ತಾರೆ. ವೀರಗಲ್ಲಿನ ಪಟ್ಟಿಕೆಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಹೋದರೆ ಕಾಳಗ, ಅಪ್ಸರೆಯರು ವೀರನನ್ನು ಕೊಂಡೊಯ್ಯುವುದು, ಕೊನೆಗೆ ಕೈಲಾಸ ಎಂದು ಕಥೆ ತೆರೆದುಕೊಳ್ಳುವುದರಿಂದ ಮಕ್ಕಳಿಗೂ ಹಿಡಿಸುತ್ತದೆ. ಸೋಮವಾರ ಸರ್ಕಾರಿ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಮುಚ್ಚಿರುತ್ತವಾದ್ದರಿಂದ ಆ ದಿನವನ್ನು ಬಿಟ್ಟು ಬೆಳಗಿನ ಹೊತ್ತಿಗೆ ಹೋಗುವುದು ಒಳ್ಳೆಯದು.

ಶಿವಮೊಗ್ಗದಿಂದ ಸಾಗರ ಸುಮಾರು 72 ಕಿ.ಮೀ. ಬಸ್ಸುಗಳಿಗೆ ಕೊರತೆಯಿಲ್ಲ. ರೈಲಿನಲ್ಲಿ ಬರುವವರು ತಾಳಗುಪ್ಪದ ಗಾಡಿ ಹಿಡಿದು ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬೇಕು. ವಾಸ್ತವ್ಯಕ್ಕೆ ಸಾಗರ ಪೇಟೆಯೇ ಅನುಕೂಲ. ಕೆಳದಿ, ಇಕ್ಕೇರಿ, ಹೆಗ್ಗೋಡು ಎಲ್ಲವೂ ಅಲ್ಲಿಂದ ಹತ್ತಿರ.

ಹಸೆ ಚಿತ್ತಾರದ ವಿಷಯಕ್ಕೆ ಬಂದರೆ, ಇದು ಸಾಗರ, ಸೊರಬ ಸೀಮೆಯ ದೀವರು ಎಂಬ ಸಮುದಾಯದ ಹೆಣ್ಣುಮಕ್ಕಳ ಕಲೆ. ಬರೆಯುವವಳನ್ನು ಚಿತ್ತಾರಗಿತ್ತಿ ಎಂದೇ ಕರೆಯುತ್ತಾರೆ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳಿ, ಕರಿಯಾಗುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ; ಕುಂಚವೆಂದರೆ ಪುಂಡಿ ನಾರಿನ ಒಂದು ಸಣ್ಣ ಕಟ್ಟು. ಪರಿಚಿತರೊಬ್ಬರ ಮೂಲಕ ನಾವು ಹೋದ ಮನೆಯಲ್ಲಿ ಹಿರಿಯರೊಬ್ಬರು ಆ ನಾರನ್ನು ಬಿಳಿಯಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒಮ್ಮೆ ಒರೆಸಿ, ಅಳತೆಗೋಲಿನ ಹಂಗಿಲ್ಲದೆ ಮೊಳದುದ್ದದ ಗೆರೆಯನ್ನು ಒಂದೇ ಎಳೆತದಲ್ಲಿ ಎಳೆದರು. ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು, ಗೆರೆಗೂ ಗೆರೆಗೂ ನಡುವೆ ಒಂದೇ ಅಂತರ. ಅಡ್ಡಗೆರೆ, ಓರೆಗೆರೆಗಳು ಸೇರುತ್ತಿದ್ದಂತೆ ಅಲ್ಲೊಂದು ನೇಯ್ಗೆ ಮೂಡಿತು. ಕಾಗದದ ಮೇಲೋ ಹಲಗೆಯ ಮೇಲೋ ಬರೆದು ಮಾರಾಟಕ್ಕಿಟ್ಟ ಚಿತ್ತಾರಗಳೂ ಚೆನ್ನಾಗಿಯೇ ಇರುತ್ತವೆ. ಆದರೆ ಮಣ್ಣಿನ ಗೋಡೆಯ ತರಿಯನ್ನು ಅನುಸರಿಸಿ ಗೆರೆ ಕೊಂಚ ದಪ್ಪವಾಗಿ, ಕೊಂಚ ತೆಳುವಾಗಿ ಸಾಗುವ ಚೆಲುವು ಗೋಡೆಯಲ್ಲಿ ಮಾತ್ರ ಸಿಗುತ್ತದೆ.

ಇವು ಜನ ವಾಸಿಸುವ ಮನೆಗಳು ಎಂಬುದನ್ನು ಮರೆಯಬಾರದು. ಮೊದಲೇ ತಿಳಿಸಿ, ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅಂಗಳದಲ್ಲಿ ನಿಂತು ಒಪ್ಪಿಗೆ ಕೇಳದೆ ಕ್ಯಾಮೆರಾ ತೆಗೆಯಬೇಡಿ. ಚಿತ್ತಾರವನ್ನು ಕೊಳ್ಳುವುದಾದರೆ ಚೌಕಾಸಿ ಬೇಡವೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ, ಏಕೆಂದರೆ ಅಕ್ಕಿ ನೆನೆಹಾಕುವುದರಿಂದ ಹಿಡಿದು ಕೊನೆಯ ಗೆರೆಯವರೆಗಿನ ದುಡಿಮೆ ಬೆಲೆಯಲ್ಲಿ ಕಾಣುವುದೇ ಇಲ್ಲ. ಸಿಮೆಂಟ್ ಗೋಡೆ, ಪೇಟೆಯ ಬಣ್ಣ ಬಂದ ಮೇಲೆ ಹಸೆಗೋಡೆಗಳು ಕಡಿಮೆಯಾಗಿವೆ. ಮದುವೆಯ ಕಾಲದಲ್ಲಿ ಹೊಸ ಹಸೆ ಕಾಣಸಿಗುವ ಸಂಭವ ಹೆಚ್ಚು. ಅಕ್ಟೋಬರಿನ ಆಸುಪಾಸಿನ ಭೂಮಿ ಹುಣ್ಣಿಮೆಗೆ ಬಂದರೆ ಇನ್ನೂ ಒಳ್ಳೆಯದು: ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಇದೇ ಚಿತ್ತಾರ ಬರೆದು, ಗರ್ಭಿಣಿಯೆಂದು ಭಾವಿಸಿದ ಭೂಮಿತಾಯಿಯ ಬಯಕೆಯ ಅಡುಗೆಯನ್ನು ಅದರಲ್ಲಿ ಗದ್ದೆಗೆ ಒಯ್ಯುತ್ತಾರೆ. ಮಳೆಗಾಲವನ್ನು ನಾನು ಶಿಫಾರಸು ಮಾಡಲಾರೆ. ಉಂಬಳದ (ಜಿಗಣೆಯ) ಕಾಟವಿರಲಿ, ಮನೆಯೊಳಗಿನ ಮಬ್ಬುಗತ್ತಲೆಯಲ್ಲಿ ಗೋಡೆಯೇ ಸರಿಯಾಗಿ ಕಾಣುವುದಿಲ್ಲ.

ಉಳಿದ ವೇಳೆಯಲ್ಲಿ ಕೆಳದಿಗೆ ಹೋಗಿ ಬನ್ನಿ. ವೀರಭದ್ರ ದೇವಾಲಯದ ಒಳಛಾವಣಿಯ ಗಂಡಭೇರುಂಡವನ್ನೂ, ತಾಳೆಗರಿಗಳಿರುವ ಅಲ್ಲಿನ ವಸ್ತುಸಂಗ್ರಹಾಲಯವನ್ನೂ ತಪ್ಪಿಸಬಾರದು.

ಸಾಗರದಿಂದ ಸಿದ್ದಾಪುರದ ಮೇಲೆ ಶಿರಸಿಗೆ ಸುಮಾರು 70 ಕಿ.ಮೀ. ಕೆಳದಿಯ ಅರಸರ ಕಾಲದಲ್ಲಿ ಘಟ್ಟದ ಮೇಲಿನ ಮೆಣಸು ಕರಾವಳಿಯ ಬಂದರುಗಳಿಗೆ ಇಳಿಯುತ್ತಿತ್ತು. ಕರಾವಳಿಯ ಕಲೆಯೊಂದು ಘಟ್ಟ ಹತ್ತಿ ಬಂದಿರುವುದನ್ನು ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ ನೋಡಬಹುದು. 1688ರಲ್ಲಿ ಸ್ಥಾಪನೆಯಾಯಿತೆನ್ನುವ ಈ ದೇವಸ್ಥಾನದ ಗೋಡೆಗಳಲ್ಲಿ ಕಾವಿ ಚಿತ್ರಗಳಿವೆ. ಕೊಂಕಣ ಕರಾವಳಿಯುದ್ದಕ್ಕೂ, ಗೋವಾದಲ್ಲೂ ಬಳಕೆಯಲ್ಲಿದ್ದ ಈ ಕಲೆಯಲ್ಲಿ ಸಮುದ್ರದ ಚಿಪ್ಪು ಸುಟ್ಟ ಸುಣ್ಣಕ್ಕೆ ನುಣ್ಣನೆಯ ಮರಳು, ಬೆಲ್ಲ ಸೇರಿಸಿ, ಕೊಳೆಯಿಸಿ, ಕುಟ್ಟಿ ಗಾರೆ ಮಾಡಿ ಗೋಡೆಗೆ ಮೆತ್ತುತ್ತಾರೆ. ಅದರ ಮೇಲೆ ಉರುಮಂಜಿ ಎಂಬ ಕೆಂಪು ಲೇಪ. ಅದು ಇನ್ನೂ ಹಸಿಯಾಗಿರುವಾಗಲೇ ಉಕ್ಕಿನ ಚೂಪು ಕಂಟದಿಂದ ಕೆರೆದರೆ ಅಡಿಯ ಬಿಳಿ ಹೊರಬಂದು ಚಿತ್ರವಾಗುತ್ತದೆ. ಹಸೆಯಲ್ಲಿ ಕೆಂಪಿನ ಮೇಲೆ ಬಿಳಿಯನ್ನು ಬರೆಯುತ್ತಾರೆ, ಕಾವಿಯಲ್ಲಿ ಕೆಂಪನ್ನು ತೆಗೆದು ಬಿಳಿಯನ್ನು ಕಾಣಿಸುತ್ತಾರೆ. ಎರಡರಲ್ಲೂ ಇರುವುದು ಇವೆರಡೇ ಮುಖ್ಯ ಬಣ್ಣ. ಸಾಗರದಲ್ಲಿ ಗೆರೆ ಎಳೆಯುವುದನ್ನು ಕಂಡು ಬಂದಿದ್ದ ನನ್ನ ಮಗಳಿಗೆ ಈ ವ್ಯತ್ಯಾಸ ಯಾರೂ ವಿವರಿಸದೆಯೇ ಹೊಳೆಯಿತು.

ಇಲ್ಲಿ ಚಿತ್ರಗಳನ್ನು ನೋಡುವವರು ಪ್ರದಕ್ಷಿಣೆ ಹಾಕುವವರಿಗೆ ಅಡ್ಡಿಯಾಗದಂತೆ ನಿಲ್ಲಬೇಕು, ಫೋಟೊಗೆ ಅನುಮತಿ ಕೇಳಬೇಕು, ಗೋಡೆಯನ್ನು ಕೈಯಿಂದ ಸವರಲೇಬಾರದು. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯ ಸಮಯದಲ್ಲಿ ನೆಮ್ಮದಿಯಿಂದ ನೋಡುವುದು ಕಷ್ಟ. ವಾರದ ನಡುವಿನ ದಿನ, ಮಧ್ಯಾಹ್ನದ ಮಹಾಪೂಜೆಯ ಜನಸಂದಣಿಗೆ ಮೊದಲು ಹೋಗುವುದೇ ಸೂಕ್ತ. ಶಿರಸಿಯಿಂದ ಹುಬ್ಬಳ್ಳಿಯ ಕಡೆಗೆ ಬಸ್ಸುಗಳಿವೆ. ಕಾವಿಯ ಮೂಲ ನೆಲವನ್ನೇ ನೋಡಬೇಕೆನ್ನುವವರು ದೇವಿಮನೆ ಘಟ್ಟ ಇಳಿದು ಕುಮಟಾ ಸೇರಬಹುದು, ಆದರೆ ಮಳೆಗಾಲದಲ್ಲಿ ಆ ರಸ್ತೆ ಸಂಚಾರಕ್ಕೆ ತೆರೆದಿದೆಯೇ ಎಂದು ಶಿರಸಿಯ ಬಸ್ ನಿಲ್ದಾಣದಲ್ಲೇ ವಿಚಾರಿಸಿಕೊಂಡು ಹೊರಡಿ.