ನೋವೇ ಆಗ್ಲಿಲ್ವಾ ಮೇಷ್ಟ್ರೇ?

ಬಲಗಾಲಿನ ಹೆಬ್ಬೆರಳು ಹೋಗಿ ಮೂರು ವರ್ಷ ಆಯಿತು. ಪಟ್ಟಿ ಚಪ್ಪಲಿಯ ಮುಂದುಗಡೆ ಖಾಲಿ ಜಾಗ ಕಾಣುವುದರಿಂದ, ಮದುವೆ ಮನೆಯಲ್ಲೋ ತಿಥಿ ಮನೆಯಲ್ಲೋ ಎದುರಿಗೆ ಕೂತವರ ಕಣ್ಣು ತಪ್ಪದೆ ಅಲ್ಲಿಗೆ ಹೋಗುತ್ತದೆ. ಮೊದಲು ‘ಆಕ್ಸಿಡೆಂಟಾ?’ ಅನ್ನುತ್ತಾರೆ. ಶುಗರ್ ಎಂದ ಕೂಡಲೇ ಎರಡನೆಯದು ಬರುತ್ತದೆ: ‘ಇಷ್ಟಾಗೋವರೆಗೂ ಹೆಂಗೆ ಬಿಟ್ರಿ ಮೇಷ್ಟ್ರೇ? ನೋವೇ ಆಗ್ಲಿಲ್ವಾ?’ ದನಿಯಲ್ಲಿ ಅರ್ಧ ಮರುಕ, ಅರ್ಧ ಬೈಗುಳ. ಬೈಸಿಕೊಳ್ಳಬೇಕಾದವನೇ ನಾನು, ಆದರೆ ಅವರು ಅಂದುಕೊಂಡ ಕಾರಣಕ್ಕಲ್ಲ.

ಇಲ್ಲ, ನೋವು ಆಗಲಿಲ್ಲ. ಒಂದು ಚೂರೂ.

ಏಪ್ರಿಲ್‌ನ ಒಂದು ಭಾನುವಾರ ನೆಂಟರನ್ನು ಕರೆದುಕೊಂಡು ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ವಿಂಧ್ಯಗಿರಿಯನ್ನು ಚಪ್ಪಲಿ ಬಿಟ್ಟೇ ಹತ್ತಬೇಕು. ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು. ಬೆಳಗಿನ ತಂಪಿನಲ್ಲೇ ಹತ್ತಿ ಇಳಿಯುವವರು ಜಾಣರು. ನಾವು ತಿಂಡಿ, ಕಾಫಿ, ಹರಟೆ ಎಲ್ಲ ಮುಗಿಸಿ ಹೊರಟು, ಗೊಮ್ಮಟನನ್ನು ನೋಡಿ ಇಳಿಯುವ ಹೊತ್ತಿಗೆ ಮಟಮಟ ಮಧ್ಯಾಹ್ನ. ನೆಂಟರೆಲ್ಲ ಕಾದ ಬಾಣಲೆಗೆ ಬಿದ್ದ ಹುರುಳಿಕಾಳಿನ ಹಾಗೆ ಹಾರುತ್ತ, ಅಮ್ಮಾ ಅಪ್ಪಾ ಎನ್ನುತ್ತ, ನೆರಳು ಸಿಕ್ಕಲ್ಲಿ ನಿಲ್ಲುತ್ತ ಇಳಿದರು. ನಾನು ಮಾತ್ರ ಕಂಬಿ ಹಿಡಿದು, ನಡುವೆ ನಿಂತು, ಕೆಳಗಿನ ಕಲ್ಯಾಣಿಯನ್ನು ನೋಡಿಕೊಂಡು ನಿಧಾನವಾಗಿ ಬಂದೆ.

‘ರೀ, ಕಾಲು ಸುಡಲ್ವಾ?’ ಅಂದಳು ಹೆಂಡತಿ.

‘ಗದ್ದೆ ತುಳಿದ ಕಾಲು ಕಣೇ ಇದು’ ಅಂದೆ.

ನನಗೆ ಬೈಯುವವರು ಈ ಮಾತಿಗೆ ಬೈಯಬೇಕು. ಎಲ್ಲರ ಕಾಲು ಸುಡುವಾಗ ನನ್ನದು ಸುಡಲಿಲ್ಲ ಎಂದು ನನಗೆ ಹೆಮ್ಮೆಯಾಗಿತ್ತು. ಕಾರಿನಲ್ಲಿ ಬರುವಾಗ ಅದನ್ನೇ ಎರಡು ಸಲ ಹೇಳಿಕೊಂಡೆ.

ಆಗ ಶುಗರ್ ಬಂದು 14 ವರ್ಷ. ಮಾತ್ರೆ ನುಂಗುತ್ತಿದ್ದೆ, ನೆನಪಾದ ದಿನ. ಸೂಚನೆಗಳು ಇರಲಿಲ್ಲವೇ ಎಂದರೆ ಬೇಕಾದಷ್ಟಿದ್ದವು. ಪಾಠ ಮಾಡಲು ನಿಂತರೆ ಹತ್ತಿಯ ಮೇಲೆ ನಿಂತ ಹಾಗೆ ಅನ್ನಿಸುತ್ತಿತ್ತು. ಒಂದು ಸಲ ಸಂತೆಯಿಂದ ಬರುವಾಗ ಎಡಗಾಲಿನ ಚಪ್ಪಲಿ ಎಲ್ಲೋ ಕಳಚಿಹೋಗಿ, ಮನೆ ಬಾಗಿಲಲ್ಲಿ ಬಿಡಲು ಹೋದಾಗಲೇ ಅದಿಲ್ಲವೆಂದು ತಿಳಿದದ್ದು. ಮನೆಮಂದಿಯೆಲ್ಲ ನಕ್ಕೆವು. ರಾತ್ರಿ ಪಾದ ಉರಿಯುತ್ತಿತ್ತು, ಹೊದಿಕೆಯಿಂದ ಕಾಲು ಹೊರಗೆ ಹಾಕಿ ಮಲಗುತ್ತಿದ್ದೆ. ಉರಿಯುವ ಕಾಲಿಗೆ ಬಿಸಿ ತಿಳಿಯುವುದಿಲ್ಲ ಎಂದರೆ ನಂಬುವುದು ಕಷ್ಟ. ಹಾಳಾಗುತ್ತಿರುವ ನರ ಇಲ್ಲದ ಸುದ್ದಿ ಕಳಿಸುತ್ತದೆ, ಇರುವ ಸುದ್ದಿ ಕಳಿಸುವುದಿಲ್ಲ. ರಕ್ತದಲ್ಲಿ ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಮೊದಲು ಕೆಡುವುದು ಉದ್ದದ ನರಗಳು. ಅದಕ್ಕೇ ಇದು ಕಾಲ್ಬೆರಳಿನ ತುದಿಯಿಂದ ಶುರುವಾಗಿ, ಸಾಕ್ಸ್ ಏರಿಸಿದ ಹಾಗೆ ಮೇಲಕ್ಕೆ ಬರುತ್ತದೆ.

ಬೆಟ್ಟ ಇಳಿದ ಮೂರನೇ ದಿನವೋ ನಾಲ್ಕನೇ ದಿನವೋ, ನೆಲ ಒರೆಸುತ್ತಿದ್ದ ಹೆಂಡತಿ ಕರೆದಳು. ಕೆಂಪು ಗಾರೆ ನೆಲದ ಮೇಲೆ ನಾನು ನಡೆದ ಕಡೆಯೆಲ್ಲ ರೂಪಾಯಿ ಅಗಲದ ಒದ್ದೆ ಗುರುತು. ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದೆ. ಹತ್ತು ದಿನ ಅದೇ ಕಾಲಿನಲ್ಲಿ ನಡೆದೆ. ನೋವಿದ್ದವನು ಕುಂಟುತ್ತಾನೆ. ಕುಂಟಿದರೆ ಗಾಯದ ಮೇಲೆ ಭಾರ ಬೀಳುವುದು ತಪ್ಪುತ್ತದೆ, ಗಾಯಕ್ಕೆ ಬಿಡುವು ಸಿಗುತ್ತದೆ. ನಾನು ಕುಂಟಲೇ ಇಲ್ಲ. ಒಂದೊಂದು ಹೆಜ್ಜೆಯೂ ಗಾಯವನ್ನು ಒಳಕ್ಕೆ ಅರೆಯುತ್ತಿತ್ತು.

ಚಳಿಜ್ವರ ಬಂದ ರಾತ್ರಿ ಆಸ್ಪತ್ರೆಗೆ ಹೋದೆವು. ಶುಗರ್ 412. ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ, 9.8. ಡಾಕ್ಟರು ತೆಳ್ಳನೆಯ ಲೋಹದ ಕಡ್ಡಿಯೊಂದನ್ನು ಗಾಯದೊಳಗೆ ಇಳಿಸಿದರು. ನಾನು ಎದ್ದು ಕೂತು, ಬೇರೆ ಯಾರದೋ ಕಾಲು ನೋಡುವ ಹಾಗೆ ನೋಡುತ್ತಿದ್ದೆ. ಕಡ್ಡಿ ಗಟ್ಟಿಯಾದದ್ದಕ್ಕೆ ತಾಗಿ ನಿಂತಿತು. ‘ಮೂಳೆ’ ಅಂದರು. ಎಕ್ಸ್‌ರೇ ಕೂಡ ಅದನ್ನೇ ಹೇಳಿತು, ಕೀವು ಮೂಳೆಗೆ ಇಳಿದಿತ್ತು. ಬೆರಳು ತೆಗೆಯದಿದ್ದರೆ ಪಾದ, ಪಾದ ಬಿಟ್ಟರೆ ಮೊಣಕಾಲವರೆಗೆ. ಗಣಿತದ ಮೇಷ್ಟ್ರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಹಿ ಹಾಕಿದೆ. ಆಪರೇಷನ್, ಇನ್ಸುಲಿನ್, ಎರಡು ತಿಂಗಳ ಡ್ರೆಸ್ಸಿಂಗ್ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಹೇಳಬೇಕಾದದ್ದು ಆಮೇಲಿನ ಒಂದು ಪರೀಕ್ಷೆ. ಮೀನಿನ ಗಾಳದ ದಾರದಂಥ ನೈಲಾನ್ ಎಳೆ. ಚರ್ಮಕ್ಕೆ ಒತ್ತಿದರೆ 10 ಗ್ರಾಂ ಭಾರಕ್ಕೆ ಸರಿಯಾಗಿ ಬಾಗುತ್ತದೆ. ‘ಕಣ್ಣು ಮುಚ್ಚಿ, ಮುಟ್ಟಿದಾಗ ಹೂಂ ಅನ್ನಿ’ ಅಂದರು ಡಾಕ್ಟರು. ಕಣ್ಣು ಮುಚ್ಚಿ ಕಾದೆ. ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. ಎಷ್ಟು ಹೊತ್ತಾದರೂ ಏನೂ ಇಲ್ಲದ್ದಕ್ಕೆ, ‘ಶುರು ಮಾಡಿ ಸಾರ್’ ಅಂದೆ.

‘ಎರಡೂ ಕಾಲು ಮುಗೀತು’ ಅಂದರು.

ಬೆರಳು ಹೋದ ದಿನ ಅಳದವನು ಅವತ್ತು ಅತ್ತೆ.

ಈಗ ನಾನು ಹಾಕುವ ಚಪ್ಪಲಿಯ ಒಳಹಾಸು ಎಂಸಿಆರ್, ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆ ರಬ್ಬರು. ನಮ್ಮಲ್ಲಿ ಇದು ಮೊದಲು ಬಳಕೆಗೆ ಬಂದದ್ದು ಕುಷ್ಠರೋಗಿಗಳಿಗಾಗಿ, ವೆಲ್ಲೂರಿನ ಕಡೆ. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್ (ಸಿಎಂಸಿ) ಆಸ್ಪತ್ರೆಗೆ ಬಂದ ಸರ್ಜನ್ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಬೆರಳು ತಾನಾಗಿ ಕೊಳೆತು ಬೀಳುವುದಿಲ್ಲ, ನೋವು ತಿಳಿಯದ್ದರಿಂದ ಸುಟ್ಟು, ತರಚಿ, ಗಾಯದ ಮೇಲೆ ಗಾಯವಾಗಿ ಸವೆದುಹೋಗುತ್ತದೆ ಎಂದು ತೋರಿಸಿಕೊಟ್ಟವರು. ಆಮೇಲೆ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋಗಿ, ಅದೇ ಪಾಠವನ್ನು ಸಕ್ಕರೆ ಕಾಯಿಲೆಯವರ ಕಾಲಿಗೂ ತಂದರು. ಅಲ್ಲಿ ಅವರ ತಂಡ ನೋವಿನ ಬದಲಿಗೆ ಒಂದು ಉಪಕರಣವನ್ನೂ ಮಾಡಿ ನೋಡಿತು. ಒತ್ತಡ ಮಿತಿ ಮೀರಿದರೆ ಅದು ಶಾಕ್ ಕೊಡುತ್ತಿತ್ತು. ಕೆಲಸಕ್ಕೆ ಅಡ್ಡಿ ಎಂದು ರೋಗಿಗಳು ಸ್ವಿಚ್ ಆರಿಸಿಬಿಡುತ್ತಿದ್ದರಂತೆ. ಓದಿ ನಗು ಬಂತು. ನಾನಾಗಿದ್ದರೂ ಆರಿಸುತ್ತಿದ್ದೆ.

ಹಾಗಾಗಿ ನನ್ನ ಕಾಲಿನ ನೋವನ್ನು ಈಗ ಕಣ್ಣಿಗೆ ವಹಿಸಿದ್ದೇನೆ. ರಾತ್ರಿ ಮಲಗುವ ಮುಂಚೆ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡುತ್ತೇನೆ, ಬೆರಳ ಸಂದಿಯನ್ನು ಹೆಂಡತಿ ನೋಡುತ್ತಾಳೆ. ಸ್ನಾನದ ನೀರಿಗೆ ಮೊದಲು ಮೊಣಕೈ. ಶೂ ಹಾಕುವ ಮುಂಚೆ ಕೊಡವುತ್ತೇನೆ. ಹೋದ ತಿಂಗಳು ಅದರಿಂದ ಸೀಮೆಸುಣ್ಣದ ತುಂಡೊಂದು ಬಿತ್ತು, ಎಷ್ಟು ದಿನದಿಂದ ತುಳಿಯುತ್ತಿದ್ದೆನೋ. ಮನೆಯೊಳಗೂ ಚಪ್ಪಲಿ ಹಾಕುತ್ತೇನೆ, ಅಡುಗೆ ಮನೆಗೂ. ಅತ್ತೆಯವರಿಗೆ ಇದು ಇವತ್ತಿಗೂ ಒಪ್ಪಿಗೆಯಿಲ್ಲ. ದೇವಸ್ಥಾನದಲ್ಲಿ ಎರಡು ಜೊತೆ ಸಾಕ್ಸ್. ಒಬ್ಬ ಅರ್ಚಕರು ಮುಖ ಸಿಂಡರಿಸಿದರು. ಕಾಲು ತೋರಿಸಿದೆ, ಸುಮ್ಮನಾದರು.

ಸಿಹಿ ಜಾಸ್ತಿ ತಿಂದಿರಾ ಎಂದು ಕೇಳುವವರೂ ಇದ್ದಾರೆ. ಇಲ್ಲ, ಅನ್ನ ಜಾಸ್ತಿ ತಿಂದೆ, ಮಾತ್ರೆ ಕಡಿಮೆ ತಿಂದೆ. ಅದಕ್ಕೆ ಅಷ್ಟೇ ಉತ್ತರ.

ನೋವೇ ಆಗ್ಲಿಲ್ವಾ ಎಂದು ಕೇಳಿದವರಿಗೆ ಶುಗರ್ ಇದ್ದರೆ ಮಾತ್ರ ಉತ್ತರ ಇನ್ನಷ್ಟು ಉದ್ದ. ಕೂರಿಸಿ, ಚಪ್ಪಲಿ ತೆಗೆಸಿ, ಕಣ್ಣು ಮುಚ್ಚಿಸುತ್ತೇನೆ. ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನನ್ನ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟುತ್ತೇನೆ. ಒತ್ತಬಾರದು, ತಟ್ಟಬಾರದು. ಆರರಲ್ಲಿ ಎರಡು ಬೆರಳಿಗೆ ತಿಳಿಯಲಿಲ್ಲವೆಂದರೂ ಡಾಕ್ಟರ ಹತ್ತಿರ ಕಾಲು ತೋರಿಸಬೇಕು. ಇದನ್ನು ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು, ಇವತ್ತು ರಾತ್ರಿಯೇ ಮಾಡಬಹುದು. ಹೆಂಡತಿ ನನಗೂ ಆಗಾಗ ಮಾಡುತ್ತಾಳೆ. ನನಗೆ ಮುಟ್ಟಲು ಐದೇ ಇರುವುದು.