ಸಿಂಡ್ರೆಲಾಳ ಬೇಳೆಗೆ ಇರುವೆ ಮುತ್ತಿದ ಕಥೆ

ಕಾಗದದ ಗೊಂಬೆಯನ್ನು ಚೂರುಚೂರೇ ಸರಿಸಿ, ಒಂದೊಂದೇ ಫೋಟೋ (ಫ್ರೇಮ್) ತೆಗೆದು ಮಾಡುತ್ತಿರುವ ನನ್ನ ಆನಿಮೇಷನ್ ಚಿತ್ರದ ಎಂಟು ಸೆಕೆಂಡಿನ ಒಂದು ಶಾಟ್. ಸೆಕೆಂಡಿಗೆ 12ರಂತೆ 96 ಫ್ರೇಮು. ಅದಕ್ಕೆ ಮೂರು ಭಾನುವಾರ ತಿಂದೆ. ನಿನ್ನೆ ರಾತ್ರಿ ಒಂದೂವರೆಗೆ ಕೊನೆಗೂ ಮುಗಿಯಿತು.

ನೆರಳುಗೊಂಬೆ ಆನಿಮೇಷನ್ ಕಲಾವಿದೆ ಲೋಟೆ ರೈನಿಗರ್ 1922ರಲ್ಲಿ ಜರ್ಮನಿಯಲ್ಲಿ ಮಾಡಿದ 'ಆಷೆನ್‌ಪುಟ್ಟೆಲ್' ನೋಡಿದ ಮೇಲೆ ಹಿಡಿದ ಹುಚ್ಚು ಇದು. ಕಪ್ಪು ಕಾಗದದ ಗೊಂಬೆ, ಕೆಳಗೆ ಬೆಳಕು, ಮೇಲೆ ಕ್ಯಾಮೆರಾ. ಇಷ್ಟರಲ್ಲೇ ಪೂರ್ತಿ ಸಿಂಡ್ರೆಲಾ ಕಥೆ! ನಾನು ಆ ಚಿತ್ರವನ್ನು ನಕಲು ಮಾಡುತ್ತಿಲ್ಲ. ಗ್ರಿಮ್ ಸೋದರರ ಕಥೆಯಲ್ಲಿ ಮಲತಾಯಿ ಬೂದಿಗೆ ಬೇಳೆ ಚೆಲ್ಲಿ, ಎರಡು ಗಂಟೆಯಲ್ಲಿ ಆರಿಸು ಅನ್ನುತ್ತಾಳಲ್ವಾ, ಪಾರಿವಾಳಗಳು ಬಂದು ಆರಿಸಿಕೊಡುತ್ತವಲ್ವಾ, ಅದೊಂದು ದೃಶ್ಯ ಸಾಕು ನನಗೆ.

ಗೊಂಬೆ ಕತ್ತರಿಸಿದ್ದು, ಅದರ ಕೈಕಾಲಿನ ಕೀಲುಗಳಿಗೆ ತಂತಿ ಹಾಕಿದ್ದು ಎಲ್ಲ ಹಾಗಿರಲಿ, ಬಿಡಿ. ತಕರಾರು ಶುರುವಾಗಿದ್ದು ಬೇಳೆಯಿಂದ.

ಮೊದಲು ಮಸೂರ್ ಬೇಳೆಯನ್ನೇ ಹಾಕಿದೆ. ಒಡೆದ ಬೇಳೆ ಕೆಳಗಿನ ಬೆಳಕಿಗೆ ಕೆಂಪಗೆ ಹೊಳೆಯಿತು, ಸಿಗ್ನಲ್ ದೀಪದ ಹಾಗೆ. ಸಾಸಿವೆ ಹಾಕಿದೆ. ಪಾರಿವಾಳದ ಕತ್ತು ಒಂದು ಕೂದಲೆಳೆ ಸರಿಸಿದರೆ ಹತ್ತು ಕಾಳು ಉರುಳಿ ಮೇಜಿನ ಅಂಚಿಗೆ ಹೋದವು. ರಾಗಿ ಇನ್ನೂ ಕಡೆ, ಉಸಿರು ಬಿಟ್ಟರೂ ಓಡುತ್ತದೆ. ಆಮೇಲೆ ಹೊಳೆದದ್ದು ಕರಿ ಎಳ್ಳು. ಚಪ್ಪಟೆ, ಕಪ್ಪು, ಉರುಳಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಸಂಕ್ರಾಂತಿಗೆ ಎಳ್ಳು ಬೀರೋದು ಗೊತ್ತಿತ್ತು. ಗಾಜಿನ ಮೇಲೆ ಬೀರೋದು ಇವತ್ತೇ ನೋಡಿದ್ದು" ಅಂದರು.

ಆ ದಿನ 31 ಫ್ರೇಮ್ ಆಯಿತು. ಗೊಂಬೆ, ಎಳ್ಳು ಎಲ್ಲ ಹಾಗೇ ಬಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಬೂದಿ ಗುಡ್ಡೆ ಖಾಲಿ. ಮೇಜಿನ ಕಾಲಿನುದ್ದಕ್ಕೂ ಇರುವೆ ಸಾಲು, ಒಂದೊಂದೂ ಒಂದೊಂದು ಎಳ್ಳು ಹೊತ್ತು ಶಿಸ್ತಾಗಿ ಇಳಿಯುತ್ತಿದೆ. ಪಾರಿವಾಳ ಎಂಟು ಸೆಕೆಂಡಿನಲ್ಲಿ ಮಾಡಬೇಕಾದ ಕೆಲಸ ಇವು ರಾತ್ರೋರಾತ್ರಿ ಮಾಡಿ ಮುಗಿಸಿದ್ದವು. ಕ್ಯಾಮೆರಾ ಆನ್ ಇಟ್ಟಿದ್ದರೆ ಸುಮ್ನೆ ಪುಕ್ಕಟೆ ಚಿತ್ರ ಸಿಗುತ್ತಿತ್ತು.

ಎರಡನೇ ಭಾನುವಾರ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟೆ. ಇರುವೆ ನಿಂತಿತು. ಎಳ್ಳು ನಿಲ್ಲಲಿಲ್ಲ. ಪಾರಿವಾಳದ ಎದೆ ತಾಗಿ ಕಾಳು ಜರುಗುವುದು, ಪ್ಲೇ ಮಾಡಿದರೆ ನೆಲವೆಲ್ಲ ಮಿಜಿಮಿಜಿ. ಹಾಗಾಗಿ ರೈನಿಗರ್ ದಾರಿ ಹಿಡಿದೆ: ಗಾಜಿನ ಮೇಲೆ ಗಾಜು. ಗೊಂಬೆ ಮೇಲಿನ ಗಾಜಿನಲ್ಲಿ, ಎಳ್ಳು ಒಂದೂವರೆ ಇಂಚು ಕೆಳಗಿನದರಲ್ಲಿ. ಎರಡೂ ಫೋಕಸ್‌ನಲ್ಲಿರಲಿ ಅಂತ ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಕಿರಿದು ಮಾಡಿ f/11ಕ್ಕೆ ಇಳಿಸಿದೆ.

ಈಗ ಹೊಸ ತಲೆನೋವು. ಕಾಳು ತೆಗೆಯುವುದು ಹೇಗೆ? ಮೇಲಿನ ಗಾಜು ಎತ್ತಿದರೆ ಗೊಂಬೆ ಅಲ್ಲಾಡುತ್ತದೆ. ಚಿಮಟ ಆ ಸಂದಿಯಲ್ಲಿ ಬಾಯಿ ತೆರೆಯುವುದಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ತೆಂಗಿನ ಪೊರಕೆಯ ಕಡ್ಡಿ! ತುದಿ ಒದ್ದೆ ಮಾಡಿ ಪಕ್ಕದಿಂದ ತೂರಿಸಿ ಮೆತ್ತಗೆ ಮುಟ್ಟಿಸಿದರೆ ಒಂದೇ ಒಂದು ಎಳ್ಳು ಅಂಟಿಕೊಂಡು ಬರುತ್ತದೆ. ನೀರು ಜಾಸ್ತಿಯಾದರೆ ಗಾಜಿನ ಮೇಲೆ ಹನಿ ಉಳಿಯುತ್ತದೆ, ನೆಕ್ಕಿದರೆ ಸರಿಯಾದ ಹದ. (ಹೌದು, ನೆಕ್ಕಿದೆ.) ಇನ್ನೊಂದು ಮಾತು. ಕೂತಲ್ಲಿಂದ ನೋಡಿದರೆ ಕೊಕ್ಕು ಸರಿಯಾಗಿ ಕಾಳಿನ ಮೇಲೇ ಇರುತ್ತದೆ, ಮಾನಿಟರ್‌ನಲ್ಲಿ ನೋಡಿದರೆ ಪಕ್ಕದ ಖಾಲಿ ಜಾಗ ಕುಕ್ಕುತ್ತಿರುತ್ತದೆ. ಕಣ್ಣು ನಂಬಬೇಡಿ, ಮಾನಿಟರ್ ನಂಬಿ.

ಮೂರನೇ ಭಾನುವಾರ ಅರ್ಧ ದಿನ ತಿಂದದ್ದು ಅಂಗಡಿಯವನು. ಕೆಳಗಿನ ಬೆಳಕು ಸಮನಾಗಿ ಹರಡಲು ಹಾಲುಬಣ್ಣದ ಅಕ್ರಿಲಿಕ್ ಶೀಟು 24 ಇಂಚು ಬೇಕು ಅಂತ ಬರೆದುಕೊಟ್ಟಿದ್ದೆ. ಬಂದದ್ದು 22. ಕೇಳಿದರೆ "ಗರಗಸ ತಿಂದಿದೆ ಸಾರ್" ಅಂದ. ಎರಡು ಇಂಚು ತಿನ್ನುವ ಗರಗಸ ಎಲ್ಲಿ ಸಿಗುತ್ತದಪ್ಪಾ!

ಕಡ್ಡಿ ಹಿಡಿದು ಕೂತಾಗ ತಲೆಯಲ್ಲಿ ಓಡುತ್ತಿದ್ದದ್ದು ಮಾತ್ರ ಮುಂದಿನ ಪ್ರಾಜೆಕ್ಟು. ಹುಡುಗಿ ಹೂವಿನ ಗಿಡವಾಗುವ ನಮ್ಮ ಅಜ್ಜಿಕಥೆ ಇದೆಯಲ್ಲ, ಅದು. ಅದಕ್ಕೆ ಕಪ್ಪು ಕಾಗದ ಬೇಡ. ನಮ್ಮ ತೊಗಲುಗೊಂಬೆಯ ಚರ್ಮದಲ್ಲಿ ಬೆಳಕು ಹಾದು ಬಣ್ಣ ಕಾಣುತ್ತದೆ, ರೈನಿಗರ್ ಗೊಂಬೆಯಲ್ಲಿ ಬರೀ ಅಂಚು. ಕಪ್ಪು ಹುಡುಗಿ ನಿಧಾನಕ್ಕೆ ಬಣ್ಣದ ಗಿಡವಾದರೆ? ಬಣ್ಣದ ಜೆಲಟಿನ್ ಕಾಗದದಲ್ಲಿ ನಾಲ್ಕು ಎಲೆ ಕತ್ತರಿಸಿಯೂ ಆಗಿದೆ. ಬೈಯಬೇಡಿ, ಸಿಂಡ್ರೆಲಾ ಮುಗಿಸಿಯೇ ಮುಟ್ಟುತ್ತೇನೆ.

ಶಾಟ್‌ಗೆ ವಾಪಸ್ ಬರೋಣ. ಪ್ಲೇ ಮಾಡಿದೆ. ಪಾರಿವಾಳ ಬಗ್ಗುತ್ತದೆ, ಕುಕ್ಕುತ್ತದೆ, ಕಾಳು ಮಾಯ. ನೆಲ ಮಿಸುಕುವುದಿಲ್ಲ. ಹನ್ನೊಂದು ಸಲ ನೋಡಿದೆ. ಹನ್ನೆರಡನೇ ಸಲ ಕಂಡದ್ದು, 61ನೇ ಫ್ರೇಮಿನ ಮೂಲೆಯಲ್ಲಿ ನನ್ನ ಹೆಬ್ಬೆರಳು. ಬೂದಿ ಗುಡ್ಡೆಯ ಪಕ್ಕ ಒಂದು ಮೊಂಡು ನೆರಳು, ಕಣ್ಣು ಮಿಟುಕಿಸುವುದರೊಳಗೆ ಇಲ್ಲ. ರೈನಿಗರ್ ಚಿತ್ರ ಶುರುವಾಗುವುದೇ ಕತ್ತರಿ ಹಿಡಿದ ಕೈಗಳಿಂದ. ಆಕೆಗಾದರೆ ಅದು ಕಲೆ, ನನಗೆ ಬರೀ ನಿದ್ದೆಗಣ್ಣು. ಆ ಫ್ರೇಮ್ ತೆಗೆಯುವುದಿಲ್ಲ. ಮತ್ತೆ ಕಡ್ಡಿ ನೆಕ್ಕುವ ತಾಳ್ಮೆ ಇಲ್ಲ.